ಒಂದು ಮನೆಯ ವೈಫೈ ಹತ್ತು ಮನೆಗೆ ತಲುಪುವುದು ಹೇಗೆ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಕಳೆದ ಮೂರು ನಾಲ್ಕು ತಿಂಗಳಿನಿಂದ ನಾವು ಯಾವ ಸಂಘದ ಸಭೆಗೆ ಹೋದರೂ ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದು ನಡಾವಳಿ ಪುಸ್ತಕ ಮಡಚುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಿಸ್ಟರ್, ರಸ್ತೆ ಬದಿಯ ಮನೆಗೆ ಫೈಬರ್ ಬಂದಿದೆ. ನಮ್ಮ ಮೇಲಿನ ಓಣಿಗೆ ಕೇಬಲ್ ಎಳೆಯೋದಿಲ್ಲ ಅಂತಾರೆ. ಅಲ್ಲಿಂದ ನಮಗೆ ವೈಫೈ ತರಬಹುದಾ?" ಈ ನಡುವೆ ಒಬ್ಬ ಏಜೆಂಟ್ ಬಂದು ಬಿಳಿ ಡಬ್ಬಗಳ ಚಿತ್ರ ತೋರಿಸಿ, "ಮೆಶ್ ವೈಫೈ ಹಾಕಿದರೆ ಇಡೀ ಓಣಿಗೆ ಇಂಟರ್‌ನೆಟ್" ಎಂದು ಹೇಳಿ ಹೋಗಿದ್ದಾನೆ. ಮೂರು ಸಂಘಗಳು ಸೇರಿ ಸುತ್ತುನಿಧಿಯಿಂದ ಹಣ ತೆಗೆಯುವ ಮಾತು ನಡೆದಿದೆ. ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ಮೊದಲು ಈ ವಸ್ತು ಏನು, ಎಷ್ಟು ದೂರ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಆ ಹಣ ವಾರವಾರವೂ ನೀವು ಕಟ್ಟಿದ ಹಣ.

ಮೊದಲು ವೈಫೈ ಯಾಕೆ ಗೋಡೆಯಾಚೆ ಸಾಯುತ್ತದೆ ನೋಡೋಣ. ರೂಟರ್ ಅಂದರೆ ಒಂದು ಪುಟ್ಟ ರೇಡಿಯೋ. ಆಕಾಶವಾಣಿ ಕೇಂದ್ರದ ಕಂಬ ದೊಡ್ಡದು, ಅದರ ಅಲೆಯೂ ಉದ್ದ, ಗುಡ್ಡ ದಾಟಿ ಬರುತ್ತದೆ. ರೂಟರಿನ ಶಕ್ತಿ ಬಹಳ ಕಡಿಮೆ. ಅದರ ಅಲೆಯೂ ಚಿಕ್ಕದು: ಒಂದು ಬಗೆಯದು ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು, ಇನ್ನೊಂದು ಬಗೆಯದು ಅದರಲ್ಲೂ ಅರ್ಧ. ರೂಟರಿನ ಮೇಲೆ 2.4 ಮತ್ತು 5 ಎಂದು ಬರೆದಿರುತ್ತದಲ್ಲ, ಅದು ಈ ಎರಡು ಬಗೆ. 5ರದ್ದು ವೇಗ ಹೆಚ್ಚು, ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. 2.4ರದ್ದು ನಿಧಾನ, ಸ್ವಲ್ಪ ದೂರ ಹೋಗುತ್ತದೆ. ಎರಡಕ್ಕೂ ನೀರು ಆಗದು, ಕಬ್ಬಿಣ ಆಗದು. ಮುರಕಲ್ಲಿನ ದಪ್ಪ ಗೋಡೆ, ತಗಡಿನ ಶೀಟು, ಕಬ್ಬಿಣದ ಬೀರು, ನೀರು ತುಂಬಿದ ಟ್ಯಾಂಕ್, ಇವೆಲ್ಲ ಅದಕ್ಕೆ ಅಡ್ಡಿ. ಮಳೆಗಾಲದಲ್ಲಿ ಒದ್ದೆಯಾದ ಅಡಿಕೆ ತೋಟವೂ ಅಡ್ಡಿಯೇ. ಎಲೆ ಅಂದರೆ ಬಹುಪಾಲು ನೀರೇ ತಾನೆ? ನಮ್ಮ ಕಾನ್ವೆಂಟಿನಲ್ಲೇ ಹಳೆಯ ಕಟ್ಟಡದ ಎರಡು ಗೋಡೆ ದಾಟಿದರೆ ಮೊಬೈಲಿನ ಗೆರೆಗಳು ಒಂದಕ್ಕೆ ಇಳಿಯುತ್ತವೆ.

ಈಗ ಮೆಶ್ ವಿಷಯ. ಮೆಶ್ ಅಂದರೆ ಬಲೆ, ಜಾಲರಿ. ತಾರಸಿ ಹಾಕುವ ದಿನ ನೀವೆಲ್ಲ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ಮಿಕ್ಸರ್ ಕೆಳಗೆ ಒಂದೇ ಕಡೆ ಇದೆ. ಮಾಲು ಮೇಲಕ್ಕೆ ಹೋಗಬೇಕು. ಒಬ್ಬರೇ ಓಡಿ ಓಡಿ ಹೊರಲು ಆಗದು, ಆದ್ದರಿಂದ ಸಾಲು. ಮೆಶ್‌ನಲ್ಲೂ ಹಾಗೆಯೇ. ಒಂದು ಡಬ್ಬ ಮಾತ್ರ ಫೈಬರಿಗೆ ಅಂಟಿಕೊಂಡಿರುತ್ತದೆ. ಎರಡನೆಯ ಡಬ್ಬಕ್ಕೆ ಕೇಬಲ್ ಬೇಡ, ಕರೆಂಟ್ ಮಾತ್ರ ಸಾಕು. ಅದು ಮೊದಲನೆಯದರಿಂದ ಗಾಳಿಯಲ್ಲೇ ಪಡೆದು ಮೂರನೆಯದಕ್ಕೆ ಕೊಡುತ್ತದೆ. ಜೊತೆಗೆ ತನ್ನ ಹತ್ತಿರದ ಮೊಬೈಲುಗಳಿಗೂ ಕೊಡುತ್ತದೆ. ಎಲ್ಲ ಡಬ್ಬಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನೀವು ಮೊಬೈಲ್ ಹಿಡಿದು ಜಗಲಿಯಿಂದ ಹಿತ್ತಿಲಿಗೆ ಹೋದರೆ ಒಂದರ ಕೈಬಿಟ್ಟು ಇನ್ನೊಂದರ ಕೈಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಎಕ್ಸ್‌ಟೆಂಡರಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಎಕ್ಸ್‌ಟೆಂಡರ್ ತನಗೆ ಕೇಳಿಸಿದ್ದನ್ನು ಇನ್ನೊಮ್ಮೆ ಕೂಗುತ್ತದೆ, ಅಷ್ಟೆ. ಅಕ್ಕಪಕ್ಕದಲ್ಲಿ ಯಾರಿದ್ದಾರೆ, ಯಾವ ದಾರಿ ಚೆನ್ನಾಗಿದೆ ಎಂಬ ಯೋಚನೆ ಅದಕ್ಕಿಲ್ಲ.

ಮೆಶ್ ಡಬ್ಬಗಳು ಸದಾ ಒಂದಕ್ಕೊಂದು "ನಾನಿದ್ದೇನೆ, ನಾನಿದ್ದೇನೆ" ಎಂದು ಸಣ್ಣ ಸಂದೇಶ ಕಳಿಸುತ್ತಲೇ ಇರುತ್ತವೆ. ಒಂದು ಆರಿಹೋದರೆ ಉಳಿದವು ಬೇರೆ ದಾರಿ ಹುಡುಕುತ್ತವೆ, ಬೇರೆ ದಾರಿ ಇದ್ದರೆ ಮಾತ್ರ. ಜರ್ಮನಿಯ ಬರ್ಲಿನ್ ನಗರದಲ್ಲಿ ಫ್ರೈಫಂಕ್ ಎಂಬ ನಾಗರಿಕರ ಗುಂಪು ಮನೆ ಮಾಡುಗಳ ಮೇಲೆ ಇಂಥ ಜಾಲ ಕಟ್ಟುತ್ತಿತ್ತು. ಜಾಲ ದೊಡ್ಡದಾದಂತೆ ಪ್ರತಿ ಡಬ್ಬವೂ ಇಡೀ ಊರಿನ ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಭಾರವಾಯಿತು. ಆಗ 2006ರ ಸುಮಾರಿಗೆ ಅವರು ಹೊಸದೊಂದು ವಿಧಾನ ಬರೆದರು. ಅದರಲ್ಲಿ ಯಾವ ಡಬ್ಬಕ್ಕೂ ಪೂರ್ತಿ ನಕ್ಷೆ ಬೇಡ. "ಅಲ್ಲಿಗೆ ಹೋಗಬೇಕಾದರೆ ನನ್ನ ನೆರೆಯವರಲ್ಲಿ ಯಾರ ಕೈಗೆ ಕೊಡುವುದು ಒಳ್ಳೆಯದು" ಎಂಬುದಷ್ಟೇ ಗೊತ್ತಿದ್ದರೆ ಸಾಕು. ನಾವು ದೂರದ ಊರಿಗೆ ಬಸ್ಸಿನಲ್ಲಿ ಪಾಸ್‌ಬುಕ್ ಕಳಿಸುವಾಗ ಮಾಡುವುದೂ ಇದನ್ನೇ. ಮುಂದಿನ ದಾರಿ ಕಂಡಕ್ಟರಿಗೆ ಗೊತ್ತು ಅಂತ ಕೊಡ್ತೇವೆ.

ಇಷ್ಟು ಕೇಳಿದ ಮೇಲೆ ಏಜೆಂಟ್ ಹೇಳಿದ್ದು ಸರಿಯೇ ಅಲ್ವಾ ಅಂತ ಅನ್ನಿಸಬಹುದು. ಅರ್ಧ ಸರಿ. ಮೆಶ್ ಇಂಟರ್‌ನೆಟ್ಟನ್ನು ಹುಟ್ಟಿಸುವುದಿಲ್ಲ, ಇರುವುದನ್ನು ದಾಟಿಸುತ್ತದೆ, ಅಷ್ಟೆ. ಮಿಕ್ಸರಿನಲ್ಲಿ ಮಾಲು ಇಲ್ಲದಿದ್ದರೆ ಸಾಲಿನಲ್ಲಿ ಐವತ್ತು ಜನ ನಿಂತರೂ ತಾರಸಿ ಆಗದು.

ಇನ್ನೊಂದು ಮಾತನ್ನು ಆತ ಹೇಳಲೇ ಇಲ್ಲ. ಕಡಿಮೆ ಬೆಲೆಯ ಡಬ್ಬಗಳು ಪಡೆಯುವುದಕ್ಕೂ ಕೊಡುವುದಕ್ಕೂ ಒಂದೇ ರೇಡಿಯೋ ಬಳಸುತ್ತವೆ, ಎಲ್ಲವೂ ಒಂದೇ ಚಾನೆಲ್ಲಿನಲ್ಲಿ ಮಾತಾಡುತ್ತವೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ನಮ್ಮ ಸಭೆಯ ನಿಯಮವೂ ಅದೇ, ಪಾಲಿಸುವವರು ಕಡಿಮೆ! ಹೀಗಾಗಿ ಮೊದಲ ಡಬ್ಬದ ಹತ್ತಿರ 40 ಎಂಬಿ ವೇಗ ಇದ್ದರೆ ಎರಡನೆಯದರ ಹತ್ತಿರ ಸುಮಾರು 20 ಸಿಗುತ್ತದೆ, ಮೂರನೆಯದರ ಹತ್ತಿರ 13 ಅಥವಾ ಇನ್ನೂ ಕಡಿಮೆ. ಗೋಡೆ, ಮರಗಳು ತಿನ್ನುವುದು ಬೇರೆ. ಆ 13ನ್ನೂ ಅಲ್ಲಿ ಸೇರಿದ ಮನೆಗಳು ಹಂಚಿಕೊಳ್ಳಬೇಕು. ವಾಟ್ಸಾಪ್ ಮಾತಿಗೆ ಒಂದು ಎಂಬಿಗಿಂತ ಬಹಳ ಕಡಿಮೆ ಸಾಕು. ಮಕ್ಕಳ ವಿಡಿಯೋ ಪಾಠಕ್ಕೆ ಒಬ್ಬರಿಗೆ ಒಂದೆರಡು ಎಂಬಿ ಬೇಕು. ಎಲ್ಲರೂ ಒಟ್ಟಿಗೆ ಸಿನಿಮಾ ಹಾಕಿದರೆ ಮುಗಿಯಿತು. ಸ್ವಲ್ಪ ಹೆಚ್ಚು ಬೆಲೆಯ ಡಬ್ಬಗಳಲ್ಲಿ ಡಬ್ಬದಿಂದ ಡಬ್ಬಕ್ಕೆ ದಾಟಿಸಲು ಪ್ರತ್ಯೇಕ ರೇಡಿಯೋ ಇರುತ್ತದೆ. ಒಬ್ಬಳು ಬಾಂಡ್ಲಿ ಇಸಿದುಕೊಳ್ಳಲು, ಇನ್ನೊಬ್ಬಳು ಕೊಡಲು ನಿಂತ ಹಾಗೆ. ಅದಕ್ಕಿಂತ ಒಳ್ಳೆಯ ಉಪಾಯ, ಸಾಧ್ಯವಿರುವ ಕಡೆ ಎರಡು ಡಬ್ಬಗಳ ನಡುವೆ ತಂತಿಯನ್ನೇ ಎಳೆಯುವುದು. ಈ ತಾಮ್ರದ ತಂತಿ 100 ಮೀಟರಿನ ತನಕ ಸರಾಗವಾಗಿ ಕೆಲಸ ಮಾಡುತ್ತದೆ. ಆದರೆ ಹೊರಗೆ ಎಳೆದ ತಾಮ್ರದ ತಂತಿ ಸಿಡಿಲಿಗೆ ದಾರಿ. ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಟಿವಿ ಸುಟ್ಟುಕೊಂಡ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಿಂದ ಮನೆಗೆ ತಾಮ್ರ ಬೇಡ. ಒಂದೇ ಮನೆಯೊಳಗೆ ಸರಿ.

ಎಲ್ಲಿ ಇಡಬೇಕು ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಸಿಗ್ನಲ್ ಸಿಗದ ಕೋಣೆಯಲ್ಲಿ ಡಬ್ಬ ಇಟ್ಟರೆ ಅಲ್ಲಿ ಸಿಗ್ನಲ್ ಬರುತ್ತದೆ ಅಂದುಕೊಳ್ಳುತ್ತಾರೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಏನನ್ನು ದಾಟಿಸೀತು? ಕೈಗೆ ಬಾಂಡ್ಲಿ ಎಟುಕದಷ್ಟು ದೂರ ನಿಂತ ಹಾಗಾಯಿತು. ಸಿಗ್ನಲ್ ಇನ್ನೂ ಚೆನ್ನಾಗಿರುವ ಜಾಗದಲ್ಲಿ, ಅರ್ಧ ದಾರಿಯಲ್ಲಿ, ಎತ್ತರದಲ್ಲಿ, ಎದುರಿನ ಡಬ್ಬದ ಕಡೆಗೆ ಕಿಟಕಿ ಇರುವಲ್ಲಿ ಇಡಬೇಕು. ಟಿವಿ ಹಿಂದೆ, ಬೀರಿನ ಮೇಲೆ, ಅಕ್ಕಿ ಡ್ರಮ್ಮಿನ ಪಕ್ಕ ಬೇಡ.

ಈ ಜಾಗದ ಮಾತು ಬಂದಾಗ ನಮಗೆ ಮುಖ್ಯವಾಗಿ ಕಾಣುವ ಒಂದು ಸಂಗತಿಯನ್ನು ಹೇಳಲೇಬೇಕು. ನಾವು ಮನೆ ಭೇಟಿಗೆ ಹೋದಾಗ ಗಮನಿಸಿದ್ದೇವೆ, ರೂಟರ್ ಇರುವುದು ಮುಂದಿನ ಕೋಣೆಯಲ್ಲಿ, ಟಿವಿ ಹತ್ತಿರ, ಗಂಡಸರು ಕೂರುವಲ್ಲಿ. ಅಡುಗೆಮನೆ ಹಿಂದೆ. ಹಟ್ಟಿ ಇನ್ನೂ ಹಿಂದೆ. ಬೀಡಿ ಕಟ್ಟುವುದು, ಹೊಲಿಯುವುದು ಹಿಂದಿನ ಜಗಲಿಯಲ್ಲಿ. ಹೆಂಗಸರು ದಿನದ ಬಹುಪಾಲು ಇರುವ ಜಾಗದಲ್ಲೇ ಸಿಗ್ನಲ್ ಇಲ್ಲ! ಮನೆಗೆ ವೈಫೈ ಇದೆ ಎಂದು ಲೆಕ್ಕದಲ್ಲಿ ಬರೆಯುತ್ತಾರೆ, ಆದರೆ ಮನೆಯ ಅರ್ಧದಷ್ಟಕ್ಕೇ ಇದೆ. ಊರಿನ ಮಟ್ಟದಲ್ಲೂ ಇದೇ ಕಥೆ. ಸಾರ್ವಜನಿಕ ವೈಫೈ ಇದ್ದರೆ ಅದು ಪಂಚಾಯಿತಿ ಕಟ್ಟೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಇರುತ್ತದೆ. ಸಂಜೆ ಏಳಕ್ಕೆ ಅಲ್ಲಿ ಹೋಗಿ ಕೂತು ಮಗಳ ಹಾಸ್ಟೆಲ್ ಅರ್ಜಿ ತುಂಬುವ ಹೆಂಗಸು ನಮ್ಮ ಯಾವ ಊರಿನಲ್ಲಿದ್ದಾಳೆ? ಆದ್ದರಿಂದ ಒಕ್ಕೂಟದ ಹಣ ಹಾಕುವುದೇ ಆದರೆ ಮೊದಲ ಪ್ರಶ್ನೆ "ಎಷ್ಟು ಡಬ್ಬ" ಎಂಬುದಲ್ಲ, "ಯಾರ ಮನೆಯ ಯಾವ ಮೂಲೆ" ಎಂಬುದು. ಇದನ್ನು ಏಜೆಂಟ್ ಬಂದು ತೀರ್ಮಾನಿಸಬಾರದು. ನೀವು ತೀರ್ಮಾನಿಸಬೇಕು.

ಬೇರೆ ಊರಿನವರು ಇದನ್ನು ಮಾಡಿದ್ದಾರೆಯೇ ಎಂದು ಕೇಳಿದಿರಿ. ಮಾಡಿದ್ದಾರೆ. ಬಡ ಊರಿನವರೂ ಮಾಡಿದ್ದಾರೆ.

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಮಂಕೋಸಿ ಎಂಬ ಹಳ್ಳಿಗಾಡಿನ ಪ್ರದೇಶವಿದೆ. ಗುಡ್ಡಗಳ ಮೇಲೆ ಚದುರಿದ ಮನೆಗಳು. ಬಹಳಷ್ಟು ಮನೆಗಳಿಗೆ ಕರೆಂಟ್ ಇರಲಿಲ್ಲ. ಮೊಬೈಲ್ ಮಾತಿನ ದರವೂ ಅವರ ಆದಾಯಕ್ಕೆ ದುಬಾರಿ. ಅಲ್ಲಿನ ಜನ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಆಯ್ದ ಮನೆಗಳಲ್ಲಿ ಮೆಶ್ ಡಬ್ಬಗಳನ್ನು ಇಟ್ಟರು. ಸೌರಫಲಕ, ಬ್ಯಾಟರಿಯಿಂದ ನಡೆಸಿದರು. 2014ರಲ್ಲಿ ಅದನ್ನು ಸಹಕಾರ ಸಂಘವಾಗಿ ನೋಂದಾಯಿಸಿದರು. ಹೆಸರು ಜೆಂಜೆಲೆನಿ, ಅವರ ಖೋಸಾ ಭಾಷೆಯಲ್ಲಿ "ನೀವೇ ಮಾಡಿಕೊಳ್ಳಿ" ಎಂಬ ಅರ್ಥ. ಇದರಲ್ಲಿ ನಮಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಅದೇ ಬ್ಯಾಟರಿಯಿಂದ ಊರಿನವರ ಮೊಬೈಲುಗಳನ್ನು ಚಾರ್ಜ್ ಮಾಡಿಕೊಟ್ಟು ಹಣ ಸಂಗ್ರಹಿಸಿದರು. ಜಾಲ ನಡೆಸುವ ಖರ್ಚಿಗೆ ದಾರಿ ಮೊದಲು, ಇಂಟರ್‌ನೆಟ್ ಆಮೇಲೆ. ನಮ್ಮ ಎಷ್ಟೋ ಯೋಜನೆಗಳು ಉದ್ಘಾಟನೆಯ ಮರುವರ್ಷ ಬೀಗ ಹಾಕಿಕೊಳ್ಳುವುದು ಈ ಲೆಕ್ಕ ತಲೆಕೆಳಗಾಗಿರುವುದರಿಂದಲೇ.

ಸ್ಪೇನ್ ದೇಶದ ಕತಲೂನ್ಯ ಪ್ರಾಂತ್ಯದ ಹಳ್ಳಿಗಳಿಗೆ ದೊಡ್ಡ ಕಂಪನಿಗಳು ಬ್ರಾಡ್‌ಬ್ಯಾಂಡ್ ತರಲು ಮನಸ್ಸು ಮಾಡದಿದ್ದಾಗ 2004ರಲ್ಲಿ ಊರಿನವರೇ ಗ್ವಿಫಿ ಡಾಟ್ ನೆಟ್ ಎಂಬ ಜಾಲ ಶುರು ಮಾಡಿದರು. ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಸಂಪರ್ಕ ಬಿಂದುಗಳಿವೆ. ಅದೆಲ್ಲವೂ ಮೆಶ್ ಅಲ್ಲ, ಗೋಪುರದಿಂದ ಗೋಪುರಕ್ಕೆ ನೇರವಾಗಿ ಗುರಿಯಿಟ್ಟ ಕೊಂಡಿಗಳೂ ಫೈಬರ್ ಕೂಡ ಇದೆ. ದೂರ ದಾಟಲು ನೇರ ಗುರಿ, ಹತ್ತಿರ ಹರಡಲು ಮೆಶ್, ಇದು ಅನುಭವಸ್ಥರ ಕ್ರಮ.

ನಮ್ಮ ದೇಶದಲ್ಲಿ 2005ರ ಜನವರಿಯಲ್ಲಿ ಸರ್ಕಾರ 2.4ರ ಅಲೆಗಳನ್ನು ಪರವಾನಗಿ ಇಲ್ಲದೆ ಹೊರಗೂ ಬಳಸಲು ಬಿಟ್ಟಿತು. ಅದೇ ವರ್ಷ ಹಿಮಾಚಲದ ಧರ್ಮಶಾಲಾದಲ್ಲಿ ಟಿಬೆಟಿನ ನಿರಾಶ್ರಿತರ ಶಾಲೆ, ಕಚೇರಿಗಳನ್ನು ಜೋಡಿಸುವ ಮೆಶ್ ಜಾಲ ಎದ್ದಿತು. ಏರ್‌ಜಲ್ದಿ ಅದರ ಹೆಸರು. ಗುಡ್ಡ, ಮಳೆ, ಪದೇ ಪದೇ ಹೋಗುವ ಕರೆಂಟ್, ಜೊತೆಗೆ ಆಂಟೆನಾ ಹಿಡಿದು ಜೋತಾಡುವ ಕೋತಿಗಳು! ಕೋತಿಗೆ ತಡೆಯುವ ಕಂಬ ಹಾಕಬೇಕಾಯಿತು. ನಮ್ಮ ಕಡೆಯವರು ಇದನ್ನು ನಗುತ್ತಾ ಕೇಳಿದರೂ ಬರೆದುಕೊಳ್ಳಿ.

ನಮ್ಮ ರಾಜ್ಯದಲ್ಲೇ ತುಮಕೂರು ಜಿಲ್ಲೆಯ ದೇವರಾಯನದುರ್ಗ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಬೆಂಗಳೂರಿನ ಜನಸ್ತು ಸಂಸ್ಥೆಯವರು ಸಮುದಾಯದ್ದೇ ಆದ ವೈಫೈ ಮೆಶ್ ಕಟ್ಟಿದ್ದಾರೆ. ಅಲ್ಲಿ ಊರಿನವರ ದನಿಯನ್ನು ಧ್ವನಿಮುದ್ರಿಸಿ ಆ ಜಾಲದಲ್ಲೇ ಇಟ್ಟು ಕೇಳಿಸುವ ಕೆಲಸವೂ ನಡೆದಿದೆ. ಇದರಲ್ಲಿ ಒಂದು ತಿಳಿವಳಿಕೆ ಇದೆ. ಹೊರಗಿನ ಇಂಟರ್‌ನೆಟ್ ಕಡಿದುಹೋದರೂ ಡಬ್ಬಗಳಿಗೆ ಕರೆಂಟ್ ಇದ್ದರೆ ಊರೊಳಗಿನ ಜಾಲ ಬದುಕಿರುತ್ತದೆ. ಒಂದು ಚಿಕ್ಕ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ ಅರ್ಜಿ ನಮೂನೆ, ಮಕ್ಕಳ ಪಾಠ, ಸಂಘದ ನಡಾವಳಿ ಇಟ್ಟರೆ ಎಲ್ಲರಿಗೂ ಸಿಗುತ್ತದೆ. ವಾಟ್ಸಾಪ್ ಮಾತ್ರ ಆಗ ನಡೆಯುವುದಿಲ್ಲ, ಅದಕ್ಕೆ ಹೊರಗಿನ ದಾರಿ ಬೇಕೇ ಬೇಕು.

ಕರೆಂಟ್ ಎಂದೆವು. ಒಂದು ಡಬ್ಬ ಸುಮಾರು 10 ವ್ಯಾಟ್ ತಿನ್ನುತ್ತದೆ. ದಿನವಿಡೀ ಉರಿದರೆ ತಿಂಗಳಿಗೆ 7 ಯೂನಿಟ್ಟಿನ ಆಸುಪಾಸು. ದೊಡ್ಡ ಮೊತ್ತ ಅಲ್ಲ, ಆದರೆ ಅದು ಯಾರ ಬಿಲ್ಲಿಗೆ ಸೇರುತ್ತದೆ? ಮಧ್ಯದ ಮನೆಯವರು ರಾತ್ರಿ ಮಲಗುವಾಗ "ಸುಮ್ಮನೆ ಯಾಕೆ" ಅಂತ ಸ್ವಿಚ್ ಆರಿಸಿದರೆ ಆಚೆಯ ನಾಲ್ಕು ಮನೆಗೆ ಕತ್ತಲು. ಆ ಮನೆಯ ಅತ್ತೆಗೆ ನಮ್ಮ ಸಂಘದ ಮೇಲೆ ಸಿಟ್ಟಿದ್ದರೆ? ನೀವು ನಗುತ್ತೀರಿ, ಆದರೆ ಸಮಾಜಕಾರ್ಯ ಓದುವಾಗ ನಾವು ಬಾವಿ, ಬೋರ್‌ವೆಲ್‌ಗಳ ವಿಷಯದಲ್ಲಿ ಕಲಿತದ್ದು ಇದನ್ನೇ. ಪಂಪು ಕೆಡುವುದಕ್ಕಿಂತ ಮೊದಲು ಸಂಬಂಧ ಕೆಡುತ್ತದೆ. ಆದ್ದರಿಂದ ಮಧ್ಯದ ಮನೆಗೆ ಎರಡು ದಾರಿ ಇರಲಿ. ಒಂದು ಆರಿದರೆ ಇನ್ನೊಂದು ಮನೆಯ ಮೂಲಕ ಹೋಗುವಂತೆ ಡಬ್ಬಗಳು ಒಂದಕ್ಕೊಂದು ಎಟುಕಬೇಕು. ಒಂದೇ ಸಾಲಿನಲ್ಲಿ ಇಟ್ಟರೆ ಅದು ಬಲೆ ಅಲ್ಲ, ಹಗ್ಗ. ಕರೆಂಟಿನ ಹಣವನ್ನು ಸಂಘದಿಂದ ಲೆಕ್ಕ ಹಾಕಿ ಕೊಡಿ, ಉಪಕಾರ ಎಂದು ಬಿಡಬೇಡಿ. ಕರೆಂಟ್ ಹೋದಾಗ ಕೆಲವು ಗಂಟೆ ನಡೆಸುವ ಪುಟ್ಟ ಬ್ಯಾಟರಿ ಯುಪಿಎಸ್ ಸಿಗುತ್ತದೆ, ಅದನ್ನು ಫೈಬರ್ ಇರುವ ಮನೆಗೆ ಮೊದಲು ಹಾಕಿ.

ಕಾನೂನಿನ ಮಾತೂ ಇದೆ. ಒಬ್ಬರ ಮನೆ ಸಂಪರ್ಕವನ್ನು ಓಣಿಗೆಲ್ಲ ಹಂಚಿ ಹಣ ವಸೂಲು ಮಾಡುವುದಕ್ಕೆ ಸಾಮಾನ್ಯವಾಗಿ ಕಂಪನಿಗಳ ಕರಾರು ಒಪ್ಪುವುದಿಲ್ಲ. ಯಾರಾದರೂ ಆ ಸಂಪರ್ಕದಿಂದ ಕೆಟ್ಟ ಕೆಲಸ ಮಾಡಿದರೆ ಪೊಲೀಸರು ಮೊದಲು ಬರುವುದು ಯಾರ ಹೆಸರಿನಲ್ಲಿ ಸಂಪರ್ಕ ಇದೆಯೋ ಅವರ ಬಾಗಿಲಿಗೆ. ಆದರೆ ಇದಕ್ಕೆ ನೇರವಾದ ದಾರಿಯೂ ಇದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಪಿಎಂ-ವಾಣಿ ಎಂಬ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದರಂತೆ ಕಿರಾಣಿ ಅಂಗಡಿಯೂ ಸಾರ್ವಜನಿಕ ವೈಫೈ ಕೊಡುವ ಕೇಂದ್ರವಾಗಬಹುದು. ಆ ಕೇಂದ್ರಕ್ಕೆ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಬೇಡ. ಬಳಸುವವರ ಗುರುತನ್ನು ಅದರ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ಒಬ್ಬ ಸದಸ್ಯೆಯ ಅಂಗಡಿ ಹೀಗೆ ಕೇಂದ್ರವಾಗಬಹುದೇ ಎಂದು ವಿಚಾರಿಸುವುದು ಏಜೆಂಟಿಗೆ ಮುಂಗಡ ಕೊಡುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸ. ಹಂಚದೆ ಒಂದೇ ಮನೆಯೊಳಗೆ, ಅಂದರೆ ಜಗಲಿಯಿಂದ ಅಡುಗೆಮನೆಗೆ ಹಾಕಿಕೊಳ್ಳುವವರಿಗೆ ಈ ತೊಂದರೆ ಯಾವುದೂ ಇಲ್ಲ. ಅಂಥವರಿಗೆ ಎರಡು ಡಬ್ಬ ಸಾಕು, ಮೂರರ ಕಟ್ಟು ತೆಗೆದುಕೊಳ್ಳಬೇಡಿ. ಡಬ್ಬದ ಜೊತೆ ಬಂದ ಪಾಸ್‌ವರ್ಡ್ ಅದೇ ದಿನ ಬದಲಾಯಿಸಿ.

ನಮ್ಮ ಅಭಿಪ್ರಾಯ ಕೇಳಿದಿರಿ, ಆದ್ದರಿಂದ ಹೇಳುತ್ತೇವೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಆರು ಡಬ್ಬಗಳಿವೆ, ಎಲ್ಲ ಒಂದೇ ರೇಡಿಯೋದವು, ಒಂದರ ಹಿಂದೆ ಒಂದು. ಆರನೆಯ ಮನೆಗೆ ತಲುಪುವಾಗ ಏನೂ ಉಳಿಯುವುದಿಲ್ಲ. ಆ ಪಟ್ಟಿಗೆ ಹಣ ಕೊಡುವುದು ಬೇಡ. ಮೇಲಿನ ಓಣಿಯ ನಡುವಿನ ಎತ್ತರದ ಮನೆಗೆ ಕೆಳಗಿನ ಫೈಬರ್ ಮನೆ ಕಣ್ಣಿಗೆ ಕಾಣುತ್ತದೆಯೇ ನೋಡೋಣ. ಕಂಡರೆ ಅಲ್ಲಿಗೆ ಗುರಿಯಿಟ್ಟ ಒಂದು ಕೊಂಡಿ, ಅಲ್ಲಿಂದ ಅಕ್ಕಪಕ್ಕಕ್ಕೆ ಎರಡು ಮೂರು ಮೆಶ್ ಡಬ್ಬ ಸಾಕಾದೀತು. ನಡುವೆ ತೋಟ ಬಂದರೆ ಎತ್ತರದ ಕಂಬ ಬೇಕು, ಆಗ ಖರ್ಚಿನ ಲೆಕ್ಕವೇ ಬೇರೆ.

ಇದನ್ನು ತಿಳಿಯಲು ಹಣ ಬೇಡ. ಪ್ರತಿ ಸಂಘದಿಂದ ಇಬ್ಬರು ಒಂದು ಮೊಬೈಲ್, ಒಂದು ನೋಟ್ ಪುಸ್ತಕ ಹಿಡಿದು ಫೈಬರ್ ಇರುವ ಮನೆಯಿಂದ ಹೊರಡಿ. ವೈಫೈ ಗೆರೆಗಳು ಎರಡಕ್ಕೆ ಇಳಿಯುವ ಜಾಗದಲ್ಲಿ ನಿಂತು ಗುರುತು ಹಾಕಿ. ಅದಕ್ಕಿಂತ ಸ್ವಲ್ಪ ಹಿಂದಿನ ಮನೆಯ ಕಿಟಕಿಯಲ್ಲಿ ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಇಟ್ಟು ಮುಂದೆ ನಡೆಯಿರಿ. ಅದು ಎಲ್ಲಿಯ ತನಕ ಸಿಗುತ್ತದೋ ಅಲ್ಲಿ ಇನ್ನೊಂದು ಗುರುತು. ಮೊಬೈಲಿನ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಡಬ್ಬಕ್ಕಿಂತ ದುರ್ಬಲ, ಆದ್ದರಿಂದ ಲೆಕ್ಕ ಹೆಚ್ಚಾಗುವ ಭಯವಿಲ್ಲ. ಅಡುಗೆಮನೆ, ಹಟ್ಟಿ, ಹಿಂದಿನ ಜಗಲಿಗಳಲ್ಲೂ ನಿಂತು ನೋಡಿ. ಸಾಧ್ಯವಾದರೆ ಮಳೆ ಬಂದ ದಿನ ಇನ್ನೊಮ್ಮೆ ಹೋಗಿ. ಯಾರ ಮನೆಯವರು ಡಬ್ಬ ಇಡಲು ಒಪ್ಪುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆ ಪುಸ್ತಕಗಳನ್ನು ಮುಂದಿನ ಒಕ್ಕೂಟದ ಸಭೆಗೆ ತನ್ನಿ, ಎಲ್ಲವನ್ನೂ ಸೇರಿಸಿ ದೊಡ್ಡ ಹಾಳೆಯಲ್ಲಿ ಓಣಿಯ ನಕ್ಷೆ ಬರೆಯೋಣ. ಸ್ಕೆಚ್ ಪೆನ್ನುಗಳನ್ನು ನಾವು ತರುತ್ತೇವೆ.